ಕೊಟ್ಟು ತಂದ ಸಂಬಂಧ

೨೯ ಜುಲೈ ೨೦೨೫, ಮಂಗಳವಾರ
ಸಂಗೊಳ್ಳಿ

ಇವತ್ತು ಪಂಚಮಿ. ಮುಂಜಾನೆಯಿಂದ ಓಣಿಯಲ್ಲಿ ತವರಿಗೆ ಬಂದ ಹೆಣ್ಣುಮಕ್ಕಳದೇ ಗದ್ದಲ. ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದಾರೆ. ಈ ಊರಿನ ಸೊಸೆಯರೆಲ್ಲ ಅವರವರ ತವರಿಗೆ ಹೋಗಿದ್ದಾರೆ. ಲಗ್ನವಾದ ಮೊದಲ ಪಂಚಮಿಗೆ ಗಂಡನ ಮನೆಯಲ್ಲೇ ಉಳಿದ ಸೊಸೆ ನಾನೊಬ್ಬಳೇ ಇರಬೇಕು.

ನಿನ್ನೆಯೇ ಚೀಲ ತುಂಬಿಟ್ಟಿದ್ದೆ. ಅಣ್ಣ ಸಚಿನ ಕರೆಯಲು ಬರುತ್ತಾನೆ ಎಂದು ಎರಡು ಸಲ ಊರ ಮುಂದಿನ ಅಗಸಿಬಾಗಿಲವರೆಗೆ ಹೋಗಿ ನೋಡಿ ಬಂದೆ. ಅಷ್ಟರಲ್ಲಿ ನನ್ನ ತವರು ಸಂಪಗಾಂವದಿಂದ ಸುದ್ದಿ ಬಂತು. ಅವ್ವನಿಗೆ ಜ್ವರ, ಹಬ್ಬದ ಅಡಿಗೆಗೆ ಆಳಿಲ್ಲ, ಆದ್ದರಿಂದ ಅಣ್ಣನ ಹೆಂಡತಿ ಉಮಾಶ್ರೀಯನ್ನು ಇಲ್ಲಿಗೆ, ಅವಳ ತವರಿಗೆ ಕಳಿಸುವುದಿಲ್ಲವಂತೆ. ಅತ್ತೆ ದೇವಕ್ಕ ಫೋನಿಟ್ಟು ನನ್ನ ಚೀಲದ ಕಡೆ ನೋಡಿದರು.

‘ನಮ್ಮ ಉಮಾನ್ನ ಅವರು ಕಳಸಂಗಿಲ್ಲಂತ. ನಿನ್ನ ನಾವ್ಯಾಕ ಕಳಸೂಣು? ಚೀಲಾ ಒಳಗಿಡು.’

ಮುಗಿಯಿತು. ನಮ್ಮದು ಕೊಟ್ಟು ತಂದ ಸಂಬಂಧ. ನನ್ನಣ್ಣನಿಗೆ ಮೂವತ್ನಾಲ್ಕು ದಾಟಿದರೂ ಹೆಣ್ಣು ಸಿಕ್ಕಿರಲಿಲ್ಲ. ಈ ಮನೆಯ ಮಗನಿಗೆ ಮೂವತ್ತೆಂಟು. ಹೆಸರು ಮಾತ್ರ ಇನ್ನೂ ಯುವರಾಜ. ಅವರಿಗೊಬ್ಬಳು ತಂಗಿಯಿದ್ದಳು, ಅಣ್ಣನಿಗೆ ನಾನಿದ್ದೆ. ಸಂಪಗಾಂವದ ಹಿರಿಯ ಶಂಕ್ರೆಪ್ಪಕಾಕಾ ನಡುವೆ ನಿಂತು, ನಿಮ್ಮದು ಅವರಿಗೆ ಕೊಡಿ, ಅವರದು ನೀವು ತನ್ನಿ ಎಂದು ಒಂದೇ ಹಂದರದಲ್ಲಿ ಎರಡೂ ಲಗ್ನ ಮಾಡಿಸಿದ. ನಾನು ಬೈಲಹೊಂಗಲದ ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ಬಿಡಿಸಿದರು. ಒಲ್ಲೆ ಎಂದಿದ್ದೆ. ‘ನೀ ಒಲ್ಲೆ ಅಂದ್ರ ನಿಮ್ಮಣ್ಣ ಜಲ್ಮಪೂರ್ತಿ ಹಂಗ ಉಳಿತಾನ’ ಎಂದು ಅಪ್ಪ ಅತ್ತುಬಿಟ್ಟ. ಅಪ್ಪ ಅತ್ತದ್ದು ಅದೇ ಮೊದಲು, ನಾನು ಸೋತದ್ದೂ ಅದೇ ಮೊದಲು.

ಇವರು ಸಂಜೆ ಹೊಲದಿಂದ ಬಂದಾಗ, ಒಂದು ಮಾತು ಆಡಬಾರದಿತ್ತೇ ಎಂದು ಕೇಳಿದೆ. ‘ಅಲ್ಲಿ ಕಳಿಸಿದ್ರ ಇಲ್ಲೂ ಕಳಸ್ತಿದ್ವಿ’ ಎಂದು ಕಾಲು ತೊಳೆಯಲು ಹೋದರು.

ಆ ಮಹಾರಾಣಿಗೆ ಹಠ ಹಿಡಿದು ಹೊರಡಲು ಏನಾಗಿತ್ತು? ಅವಳು ಬಂದಿದ್ದರೆ ನಾನು ಹೋಗುತ್ತಿದ್ದೆ.

೧೨ ಆಗಸ್ಟ್, ಮಂಗಳವಾರ

ಮಧ್ಯಾಹ್ನ ಅತ್ತೆಗೆ ಮಗಳ ಫೋನು ಬಂತು. ಮಾತು ಮುಗಿಸಿ ಅಂಗಳದಿಂದಲೇ ಕೂಗಿದರು.

‘ಯುವರಾಜಾ, ಆ ಸಚಿನ ನಮ್ಮ ಉಮಾನ್ನ ಬಡದಾನಂತೋ. ಕೆನ್ನಿಗಿ ಬಡದಾನಂತ.’

ಇವರು ಊಟಕ್ಕೆ ಕುಳಿತಿದ್ದರು. ಬಾಯಲ್ಲಿದ್ದ ತುತ್ತು ನುಂಗಿದರು, ನೀರು ಕುಡಿದರು, ಕೈ ತೊಳೆದರು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ನನ್ನ ಹತ್ತಿರ ಬಂದು ಕೆನ್ನೆಗೆ ಹೊಡೆದರು. ಸಿಟ್ಟೂ ಇರಲಿಲ್ಲ ಮುಖದಲ್ಲಿ. ಇಸ್ಕೊಂಡ ಪಾತ್ರೆಯನ್ನು ವಾಪಸು ಕೊಡಲು ಬಂದವರ ಹಾಗೆ ಬಂದರು, ಕೊಟ್ಟರು, ಹೋದರು.

ತವೆಯ ಮೇಲಿನ ರೊಟ್ಟಿ ಸೀದುಹೋಯಿತು. ಅದಕ್ಕೂ ಅತ್ತೆ ಬೈದರು.

೧೩ ಆಗಸ್ಟ್, ಬುಧವಾರ

ಕೆನ್ನೆ ಊದಿದೆ. ಅವ್ವನಿಗೆ ಹೇಳಲಿಲ್ಲ. ಹೇಳಿದರೆ ಅಲ್ಲಿ ಅಣ್ಣ ಅವಳಿಗೆ ಹೊಡೆಯಬೇಕಾಗುತ್ತದೆ, ಆಮೇಲೆ ಇಲ್ಲಿ ಯುವರಾಜ ನನಗೆ. ಇದು ನಿಲ್ಲುವುದೆಲ್ಲಿ? ಅವಳೇಕೆ ಫೋನು ಮಾಡಿ ಚಾಡಿ ಹೇಳಬೇಕಿತ್ತು? ಒಂದು ಏಟು ತಿಂದು ಸುಮ್ಮನಿರಲು ಆಗುತ್ತಿರಲಿಲ್ಲವೇ? ಹಾಳಾದವಳು.

ಮೇಲಿನ ಸಾಲು ಓದಿದೆ. ನಾಚಿಕೆಯಾಯಿತು. ಆ ಸಾಲನ್ನು ಹೊಡೆದುಹಾಕಲಿಲ್ಲ, ಇರಲಿ.

೨೪ ಆಗಸ್ಟ್, ರವಿವಾರ

ಅತ್ತೆಯೂ ನಾನೂ ಶೇಂಗಾ ಸುಲಿಯುತ್ತಾ ಕುಳಿತಿದ್ದೆವು. ಕೈ ಖಾಲಿ ಇಲ್ಲದಾಗ ಅತ್ತೆ ಒಳ್ಳೆಯವರು. ಮಗನಿಗೂ ಮಗಳಿಗೂ ವಯಸ್ಸಿನಲ್ಲಿ ಇಷ್ಟೊಂದು ಅಂತರ ಯಾಕೆ ಎಂದು ಸುಮ್ಮನೆ ಕೇಳಿದೆ.

‘ನಡುವ ಎರಡು ಆಗಿದ್ದುವು’ ಎಂದರು. ‘ಎರಡೂ ಹೆಣ್ಣಂದ್ರು. ನಿಮ್ಮ ಮಾವನ ಅವ್ವ ಬ್ಯಾಡ ಅಂದ್ರು. ತಗಸಿದ್ರು.’

‘ಮತ್ತ ಉಮಾ ಹೆಂಗ ಉಳದ್ಲು?’

‘ಅಕಿ ಹೊಟ್ಟ್ಯಾಗಿದ್ದಾಗ ಗಂಡಂತ ಹೇಳಿದ್ರವಾ. ಮಿಷನ್‌ದಾಗ ನೋಡಿದವ ತಪ್ಪ ನೋಡಿದ್ದ.’

ನಕ್ಕರು. ಆಮೇಲೆ ಬಹಳ ಹೊತ್ತು ಸಿಪ್ಪೆಯ ರಾಶಿಯಲ್ಲಿ ಕಾಳು ಹುಡುಕುತ್ತಿದ್ದರು. ಅಲ್ಲಿ ಒಂದು ಕಾಳೂ ಇರಲಿಲ್ಲ.

ಸಂಜೆಯಾದರೆ ನಮ್ಮೂರ ಕಟ್ಟೆಯ ಮೇಲೆ ತಲೆಗೆ ಬಣ್ಣ ಹಚ್ಚಿಕೊಂಡ ಮದುವೆಯಾಗದ ಗಂಡಸರು ಸಾಲಾಗಿ ಕುಳಿತಿರುತ್ತಾರೆ. ಈಗಿನ ಹುಡುಗಿಯರಿಗೆ ಸೊಕ್ಕು, ಹೊಲ ಮಾಡುವವರನ್ನು ಒಲ್ಲೆ ಅನ್ನುತ್ತಾರೆ ಎಂದು ಹಿರಿಯರು ಭಾಷಣ ಬಿಗಿಯುತ್ತಾರೆ. ಒಲ್ಲೆ ಅನ್ನಲು ಹುಡುಗಿಯರು ಮೊದಲು ಹುಟ್ಟಬೇಕಲ್ಲ. ಗಂಡೆಂದು ತಪ್ಪು ನೋಡಿದ್ದರಿಂದ ಉಳಿದ ಒಬ್ಬಳು ನನ್ನಣ್ಣನಿಗೆ ಹೆಂಡತಿಯಾದಳು. ದವಾಖಾನೆಯ ಗೋಡೆಗಳ ಮೇಲೆ ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂದು ಬರೆದಿರುತ್ತಾರೆ. ಓದಿ ಓದಿ ನನ್ನ ಕಣ್ಣಿಗೆ ಅದು ಗೋಡೆಯ ಬಣ್ಣವೇ ಆಗಿಹೋಗಿತ್ತು.

೫ ಸೆಪ್ಟೆಂಬರ್, ಶುಕ್ರವಾರ

ಉಮಾಶ್ರೀ ನನಗೇ ಫೋನು ಮಾಡಿದಳು. ಲಗ್ನವಾದ ಮೇಲೆ ಇದೇ ಮೊದಲು.

‘ವೈನೀ’ ಎಂದಳು. ನಾನು ಅವಳ ಅಣ್ಣನ ಹೆಂಡತಿ, ಅವಳು ನನ್ನ ಅಣ್ಣನ ಹೆಂಡತಿ. ನಾನೂ ಅವಳನ್ನು ವೈನಿ ಎಂದೇ ಕರೆಯಬೇಕು. ಕರೆಯಲಿಲ್ಲ.

‘ಆವತ್ತ ನಿಮ್ಮಣ್ಣ ನನ್ನ ಬಡದಿದ್ದಿಲ್ರಿ. ನಿಮ್ಮವ್ವ ನನ್ನ ಕಾಲೇಜ ಪುಸ್ತಕಾ ಅಟ್ಟಕ್ಕ ಒಗದಿದ್ರು. ಬಡದಾರಂತ ಹೇಳಿದ್ರ ನಮ್ಮವ್ವ ಬಂದು ಕರಕೊಂಡ ಹೊಕ್ಕಾಳಂತ ಮಾಡಿದ್ದೆ. ನಿಮಗ ಬೀಳತೈತಿ ಅಂತ ಹೊಳೀಲಿಲ್ರಿ ನನಗ.’

‘ಬಿತ್ತು’ ಎಂದೆ. ‘ನೀ ತಿನ್ನಲಾರದ್ದು ನಾ ತಿಂದೆ. ಇಡು ಫೋನ.’

ಸುಳ್ಳು ಏಟಿಗೆ ಖರೇ ಏಟು! ನನ್ನ ಗಂಡ ಒಮ್ಮೆಯಾದರೂ ಫೋನು ಮಾಡಿ, ಏನಪ್ಪಾ ಸಚಿನ, ಹೊಡೆದೆಯಾ ಎಂದು ಕೇಳಿದ್ದರೆ ಸಾಕಿತ್ತು. ಕೇಳುವ ಗೋಜಿಗೇ ಹೋಗಲಿಲ್ಲ.

೮ ಸೆಪ್ಟೆಂಬರ್, ಸೋಮವಾರ

ನಾನು ಏನು ಮಾಡಿಬಿಟ್ಟೆ!

ಮುಂಜಾನೆ ಅವ್ವನ ಜೊತೆ ಮಾತಾಡಿ ಫೋನಿಟ್ಟೆ. ಅತ್ತೆ ದಿನದ ಪ್ರಶ್ನೆ ಕೇಳಿದರು: ‘ಏನಂತ ಅಲ್ಲಿ? ಉಮಾ ಏನ ಮಾಡಾಕತ್ತಾಳಂತ?’ ಉಮಾಶ್ರೀ ಸೋಯಾಬೀನ್ ಹೊಲದಲ್ಲಿ ಕಸ ತೆಗೆಯುತ್ತಿದ್ದಳು. ಅದನ್ನು ಹೇಳಿದ್ದರೆ ನಾಳೆ ನಾನು ಹೊಲದಲ್ಲಿರುತ್ತಿದ್ದೆ. ಮೂರು ದಿನದಿಂದ ಆ ಸುಳ್ಳು ಏಟಿನ ಯೋಚನೆಯೇ ತಲೆಯಲ್ಲಿ ಕೊರೆಯುತ್ತಿತ್ತು. ಬಾಯಿಂದ ಬಂದೇಬಿಟ್ಟಿತು.

‘ಕಾಲೇಜಿಗೆ ಹೊಂಟಾಳಂತ್ರಿ. ಅಣ್ಣ ಗಾಡಿ ಮ್ಯಾಲ ಬಿಟ್ಟ ಬರತಾನಂತ.’

ಅತ್ತೆಯ ಮುಖ ಅರಳಿತು. ಮಧ್ಯಾಹ್ನದೊಳಗೆ ಓಣಿಗೆಲ್ಲ ಗೊತ್ತಾಯಿತು. ಸಂಜೆ ಮಾವ ಮಲಕಾಜಪ್ಪನವರ ಮುಂದೆ ಅತ್ತೆಯೇ ಮಾತು ತೆಗೆದರು.

‘ಅವರು ಸೊಸೀನ್ನ ಓದಸಾಕತ್ತಾರ. ನಾವು ಓದಿದ ಸೊಸೀನ್ನ ಸೆಗಣಿ ಬಳಿಯಾಕ ಇಟ್ಟೇವಿ. ಮಂದಿ ಏನಂದಾರು?’

ಮಾವ ಮೀಸೆ ಮುಟ್ಟಿಕೊಂಡರು. ‘ಅವರಿಗಿಂತ ನಾವೇನ ಕಮ್ಮಿ? ಹೋಗಲಿ ದವಾಖಾನಿಗಿ.’

ಯುವರಾಜನದು ಅದೇ ಲೆಕ್ಕ. ಅಲ್ಲಿ ಹಾಗಾಗಿದ್ದರೆ ಇಲ್ಲಿ ಹೀಗೆ. ಅಷ್ಟೇ.

ಹಿತ್ತಿಲಿಗೆ ಹೋಗಿ ಉಮಾಶ್ರೀಗೆ ಫೋನು ಮಾಡಿ ನಡೆದದ್ದನ್ನೆಲ್ಲ ಉಸಿರು ಬಿಡದೆ ಹೇಳಿದೆ. ಅತ್ತ ಕಡೆ ಮೂಗೆಳೆಯುವ ಸದ್ದು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

‘ವೈನೀ, ಎರಡ ದಿನಾ ನಮ್ಮವ್ವನ ಫೋನ ನಾ ಎತ್ತಂಗಿಲ್ಲ. ಅಷ್ಟ್ರಾಗ ನಿಮ್ಮವ್ವಗ ಹೇಳತೇನಿ, ನಿಮ್ಮ ಮಗಳ್ನ ಅಲ್ಲಿ ನೌಕರಿಗೆ ಕಳಸಾಕತ್ತಾರ, ನೀವು ನನ್ನ ಕೈಯಾಗ ಕಸಾ ತಗಿಯೂ ಕುರುಪಿ ಕೊಟ್ಟೀರಿ ಅಂತ. ನೋಡ್ರಿ ಮತ್ತ.’

೧೧ ಸೆಪ್ಟೆಂಬರ್, ಗುರುವಾರ

ಪುಸ್ತಕ ಅಟ್ಟದಿಂದ ಇಳಿದವು. ಇಳಿಸಿದ್ದು ನಮ್ಮವ್ವನೇ! ಅಣ್ಣ ನಿನ್ನೆ ಉಮಾಳನ್ನು ಗಾಡಿಯ ಮೇಲೆ ಬೈಲಹೊಂಗಲದ ಕಾಲೇಜಿಗೆ ಬಿಟ್ಟು ಬಂದನಂತೆ. ಸೋಮವಾರದ ಸುಳ್ಳು ಬುಧವಾರ ಖರೆಯಾಯಿತು.

ದವಾಖಾನೆಗೆ ಫೋನು ಮಾಡಿದೆ. ಬನ್ನಿ ಎಂದರು. ಹುಚ್ಚಿಯ ಹಾಗೆ ಬಚ್ಚಲಲ್ಲಿ ಕುಳಿತು ನಕ್ಕೆ.

೧ ಅಕ್ಟೋಬರ್, ಬುಧವಾರ

ಬರೆಯಲು ಪುರುಸೊತ್ತಿಲ್ಲ. ಮುಂಜಾನೆಯ ಬಸ್ಸು, ವಾರ್ಡು, ಸಲೈನು, ಡ್ರೆಸ್ಸಿಂಗು. ಮೊದಲ ದಿನ ಸ್ನೇಹಲ್ ನನ್ನನ್ನು ನೋಡಿ, ‘ಏನ ಬಾಯಾರ, ಲಗ್ನಾ ಮುಗೀತ ಇಷ್ಟ ಲಗೂ?’ ಎಂದಳು. ಅವಳು ರಾಮದುರ್ಗದವಳು, ಡ್ಯೂಟಿಯಲ್ಲಿ ನನಗಿಂತ ಹಿರಿಯಳು, ಬಾಯಲ್ಲಿ ಎಲ್ಲರಿಗಿಂತ.

ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಉಮಾ ದವಾಖಾನೆಯ ಮುಂದಿನ ಚಹಾದಂಗಡಿಗೆ ಬರುತ್ತಾಳೆ. ಅಲ್ಲೇ ನಮ್ಮ ಮಸಲತ್ತು. ಅಲ್ಲಿ ಸೊಸೆಗೆ ಚೂಡಿದಾರ ತಂದರಂತೆ ಎಂದು ನಾನು ಇಲ್ಲಿ ಹೇಳಿದೆ. ಇಲ್ಲಿ ತಂದರಂತೆ ಎಂದು ಅವಳು ಅಲ್ಲಿ ಹೇಳಿದಳು. ಎರಡೂ ಮನೆಗೆ ಚೂಡಿದಾರ ಬಂದವು. ಅಲ್ಲಿ ಗಂಡಸರ ಊಟವಾದ ಮೇಲೆ ಹೆಂಗಸರು ಉಣ್ಣುವುದನ್ನು ಬಿಟ್ಟು ಎಲ್ಲರೂ ಕೂಡಿಯೇ ಉಣ್ಣುತ್ತಾರಂತೆ ಎಂದೆ. ಈಗ ಇಲ್ಲಿ ಅತ್ತೆಯೂ ಬಿಸಿರೊಟ್ಟಿ ತಿನ್ನುತ್ತಾರೆ. ಇಷ್ಟು ವರ್ಷ ಬಿಸಿರೊಟ್ಟಿ ತಿಂದೇ ಇರಲಿಲ್ಲ ಎಂದು ಅವರೇ ಅಂದರು.

ಹೋದ ವಾರ ಉಮಾ, ‘ನಿಮ್ಮಣ್ಣ ಉಂಡ ತಾಟ ತಾವ ತೊಳೀತಾರಂತ ಹೇಳ್ರಿ’ ಎಂದಳು. ಇದು ಅತಿಯಾಯಿತು ಎಂದೆ. ಆದರೂ ಹೇಳಿದೆ. ನಿನ್ನೆ ಯುವರಾಜ ಹಿತ್ತಿಲ ಬಾಗಿಲು ಅರೆ ಮುಚ್ಚಿಕೊಂಡು, ಯಾರಾದರೂ ನೋಡುತ್ತಾರೇನೋ ಎಂದು ಕತ್ತು ಹೊರಳಿಸುತ್ತಾ ತಾಟು ತೊಳೆದ. ಒಳಗೆ ನಾನು ಸೆರಗು ಬಾಯಿಗೆ ತುರುಕಿಕೊಂಡಿದ್ದೆ.

ಮೈಮೇಲೆ ಕೈ ಮಾಡುವುದಂತೂ ನಿಂತಿದೆ. ಅಲ್ಲಿ ಮೊದಲೂ ಇರಲಿಲ್ಲ, ಇಲ್ಲಿ ಈಗ ಇಲ್ಲ.

ಉಮಾಗೆ ಡಿಸೆಂಬರಿನಲ್ಲಿ ಪರೀಕ್ಷೆ. ಅವಳು ಚಹಾಕ್ಕೆ ಬಿಸ್ಕತ್ತು ಅದ್ದುತ್ತಾ ಓದುತ್ತಾಳೆ, ಪುಟಗಳ ಮೇಲೆಲ್ಲ ಕಲೆ.

೨೭ ಅಕ್ಟೋಬರ್, ಸೋಮವಾರ

ಗೊತ್ತಾಯಿತು.

ಮಾವ ಬೈಲಹೊಂಗಲದ ಮಾರ್ಕೆಟ್ ಯಾರ್ಡಿಗೆ ಸೋಯಾಬೀನ್ ಹಾಕಲು ಹೋಗಿದ್ದರು. ಅಪ್ಪನೂ ಬಂದಿದ್ದ. ಬೀಗರಿಬ್ಬರೂ ಚಹಾ ಕುಡಿದರು. ‘ನೀವು ನಮ್ಮ ಮಗಳ್ನ ಓದಿಸಿದ್ದಕ್ಕ ನಾವು ಸೊಸೀನ್ನ ನೌಕರಿಗೆ ಕಳಿಸಿದ್ವಿ ನೋಡ್ರಿ ನಿಜಗುಣಪ್ಪಾರ’ ಎಂದು ಮಾವ ಹೆಮ್ಮೆ ಪಟ್ಟರು. ಅಪ್ಪ, ‘ಅಲ್ರೀ, ನೀವು ಕಳಿಸಿದ್ದಕ್ಕ ನಾವು ಓದಿಸಿದ್ದು’ ಎಂದ. ಯಾರು ಮೊದಲು ಎಂಬ ಮಾತು ಬೆಳೆಯಿತು. ತಾಟು ತೊಳೆಯುವ ಮಾತು ಬಂದಾಗ ಇಬ್ಬರಿಗೂ ತಿಳಿಯಿತು.

‘ನಮ್ಮನ್ನ ಕುಣಿಸಿದ್ರಲ್ಲ ಇಬ್ಬರೂ ಕೂಡಿ!’ ಮಾವ ಅಂಗಳದಲ್ಲಿ ನಿಂತು ಕೂಗಿದರು. ಅತ್ತೆ ನನ್ನ ಫೋನು ಕಸಿದುಕೊಂಡರು. ಯುವರಾಜ ಚೂಡಿದಾರವನ್ನು ಒಲೆಗೆ ಹಾಕಿದ. ಹೊಡೆಯಲಿಲ್ಲ. ಅಲ್ಲಿ ಅಣ್ಣ ಏನು ಮಾಡುತ್ತಾನೆಂದು ಕಾಯುತ್ತಿದ್ದಾನೆ.

ರವಿವಾರ ಶಂಕ್ರೆಪ್ಪಕಾಕಾನ ಮನೆಯಲ್ಲಿ ಹಿರಿಯರು ಕೂಡುತ್ತಾರಂತೆ. ಭಯವಾಗುತ್ತಿದೆ. ಮರೆಮಾಚಿ ಏನು ಮಾಡಲಿ, ಭಯವಾಗುತ್ತಿದೆ. ಆದರೆ ಮತ್ತೆ ಮೊದಲಿನ ಹಾಗೆ ಇರಲಾರೆ.

೨ ನವೆಂಬರ್, ರವಿವಾರ
ಬೈಲಹೊಂಗಲ

ಸಂಪಗಾಂವದಲ್ಲಿ ಶಂಕ್ರೆಪ್ಪಕಾಕಾನ ಪಡಸಾಲೆ. ಗಂಡಸರು ಜಮಖಾನದ ಮೇಲೆ. ನಾವಿಬ್ಬರೂ ಬಾಗಿಲ ಹತ್ತಿರ ನಿಂತವರು. ಉಮಾಳನ್ನು ಒಂದು ವಾರದ ಮೇಲೆ ನೋಡುತ್ತಿದ್ದೇನೆ, ಹತ್ತಿರ ನಿಲ್ಲಬೇಡಿ ಎಂದರು. ನಿಂತೆವು.

ಕಾಕಾ ಗಂಟಲು ಸರಿಮಾಡಿಕೊಂಡು ತೀರ್ಪು ಹೇಳಿದ. ‘ನೌಕರಿ ಬಂದ್, ಕಾಲೇಜ ಬಂದ್. ಫೋನ ಹಿರ್ಯಾರ ಕೈಯಾಗ. ಇಬ್ಬರೂ ತಪ್ಪಾತಂತ ಕಾಲ ಮುಟ್ಟಬೇಕು. ಒಲ್ಲೆ ಅಂದ್ರ ಇವತ್ತ ಇಬ್ಬರನ್ನೂ ಅವರವರ ತವರಿಗಿ ಕಳಸೂದು.’

ಇಷ್ಟು ದಿನ ನಮ್ಮನ್ನು ಹೆದರಿಸಿದ್ದು ಈ ಒಂದು ಮಾತಿನಿಂದಲೇ. ಅವಳು ಬಂದರೆ ನೀನು ಹೊರಗೆ, ನೀನು ಹೋದರೆ ಅವಳು ಹೊರಗೆ. ಉಮಾ ನನ್ನ ಕೈ ಹಿಡಿದಳು.

‘ಕಳಸ್ರಿ ಕಾಕಾ’ ಎಂದೆ.

‘ಏನಂದಿ?’

‘ಕಳಸ್ರಿ ಅಂದೆ. ಇಬ್ಬರನ್ನೂ ಕಳಸ್ರಿ. ಆಮ್ಯಾಲ ಈ ಇಬ್ಬರಿಗೂ ಕನ್ಯಾ ಎಲ್ಲಿಂದ ತರ್ತೀರಿ, ಅದನ್ನಷ್ಟ ಹೇಳ್ರಿ. ಕಟ್ಟಿ ಮ್ಯಾಲ ಕುಂತವರ ಜೋಡಿ ಇವರಿಗೂ ಜಾಗಾ ಮಾಡಿ ಕೊಡ್ರಿ.’

ಅಣ್ಣ ಜಮಖಾನದ ದಾರ ಎಳೆಯುತ್ತಿದ್ದ. ಯುವರಾಜ ಮಾವನ ಮುಖ ನೋಡಿದ, ಮಾವ ಕಾಕಾನ ಮುಖ ನೋಡಿದರು. ಹೆಣ್ಣು ಎಲ್ಲಿ ಹೋದವು ಎಂಬುದನ್ನು ನಾನು ಹೇಳಲಿಲ್ಲ. ಒಳಬಾಗಿಲಲ್ಲಿ ಕುಳಿತಿದ್ದ ಅತ್ತೆಯನ್ನು ನೋಡಿದೆ. ಅವರು ತಲೆ ತಗ್ಗಿಸಿದರು.

‘ಆತ ಬಿಡವಾ’ ಎಂದ ಕಾಕಾ. ದನಿಯೇ ಬದಲಾಗಿತ್ತು. ‘ಸಣ್ಣ ಹುಡುಗ್ಯಾರು ಏನೋ ಮಾಡೀರಿ. ಮನಿಗಿ ನಡೀರಿ.’

ಗೆದ್ದೆವಲ್ಲ, ಖುಷಿಯಾಗಬೇಕಿತ್ತು. ಮೈಯೆಲ್ಲ ಉರಿಯಿತು. ಇವರು ಸುಮ್ಮನಾದದ್ದು ನಾವು ಮನುಷ್ಯರೆಂದಲ್ಲ, ಪೇಟೆಯಲ್ಲಿ ಮಾಲು ಸಿಗುವುದಿಲ್ಲವೆಂದು. ಇದನ್ನೇ ಹಿಡಿದುಕೊಂಡು ಮತ್ತೆ ಆ ಮನೆಗೆ ಹೋಗಿ ರೊಟ್ಟಿ ಬಡಿಯಲೇ? ಉಮಾಳನ್ನು ನೋಡಿದೆ. ಅವಳಿಗೆ ಹೇಳಬೇಕಾಗಲಿಲ್ಲ, ಇಬ್ಬರೂ ಚಪ್ಪಲಿ ಮೆಟ್ಟಿ ಹೊರಟೆವು.

ಅಪ್ಪ ಬೆನ್ನ ಹಿಂದಿನಿಂದ ಕೂಗಿದ: ‘ನಾಗರತ್ನಾ, ಹಿಂಗ ಹೊಂಟ್ರ ನನ್ನ ಮನ್ಯಾಗ ಜಾಗಾ ಇಲ್ಲ ನೋಡು.’ ಅಪ್ಪ ಇವತ್ತು ಅಳಲಿಲ್ಲ. ಅತ್ತಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಬೈಲಹೊಂಗಲದ ಬಸ್ಸು ಹತ್ತಿ ಸ್ನೇಹಲ್‌ಳ ಬಾಡಿಗೆ ಖೋಲಿಗೆ ಬಂದೆವು. ಬಾಗಿಲು ತೆಗೆದವಳು ನಮ್ಮಿಬ್ಬರನ್ನೂ ನೋಡಿ, ‘ಒಂದ ಚಾದರ ಐತಿ, ಮೂರ ಮಂದಿ ಎಳದಾಡೂಣು’ ಎಂದಳು.

೪ ನವೆಂಬರ್, ಮಂಗಳವಾರ

ಸ್ನೇಹಲ್‌ಳ ಖೋಲಿಯಲ್ಲಿ ಬುದ್ಧನ ಫೋಟೋ ಇದೆ. ಮೊದಲ ದಿನವೇ ಅವಳು ಸ್ಪಷ್ಟ ಮಾಡಿದಳು: ‘ನಮ್ಮ ಕೈಯಾಗ ಉಂಡ್ರಿ ಅಂತ ನಿಮ್ಮೂರಾಗ ಗೊತ್ತಾದ್ರ ಇನ್ನೊಂದ ಪಂಚಾಯ್ತಿ ಕೂಡತೈತಿ. ನೋಡ್ಕೊಂಡ ಉಣ್ರಿ.’ ಉಮಾ ಎರಡನೇ ಸಲ ಅನ್ನ ಹಾಕಿಸಿಕೊಂಡು, ಉಪ್ಪು ಕಡಿಮೆಯಾಗಿದೆ ಎಂದಳು. ಮನೆಯಲ್ಲಿ ಸ್ನೇಹಲ್‌ಳ ಡಬ್ಬಿಯಿಂದ ತಿಂದೆ ಎಂದು ನಾನು ಎಂದಾದರೂ ಹೇಳಿದ್ದೆನೇ? ಇಲ್ಲ. ಎರಡು ವರ್ಷ ತಿಂದು, ಒಮ್ಮೆಯೂ ಹೇಳಿಲ್ಲ.

೧೬ ನವೆಂಬರ್, ರವಿವಾರ

ಅಣ್ಣ ಬಂದಿದ್ದ. ಇದು ಮೂರನೇ ಸಲ. ಮೊದಲ ಸಲ ಉಮಾಳ ಪುಸ್ತಕ ತಂದು ಕೆಳಗೇ ನಿಂತು, ‘ಕರಿಯಾಕ ಬಂದಿಲ್ಲ, ಇವನ್ನ ಕೊಡಾಕ ಬಂದೇನಿ’ ಎಂದು ಹೋಗಿದ್ದ. ಎರಡನೇ ಸಲ ಮತ್ತೊಂದು ಪುಸ್ತಕ, ಅದೂ ಹೋದ ವರ್ಷದ್ದು, ಬೇಕಾಗಿಯೇ ಇರಲಿಲ್ಲ. ಇವತ್ತು ಕೈ ಖಾಲಿ. ಮೆಟ್ಟಿಲ ಮೇಲೆ ಕುಳಿತು ಇಬ್ಬರೂ ಬಹಳ ಹೊತ್ತು ಮಾತಾಡಿದರು. ಅವಳು ನಗುವುದು ಕೇಳಿಸಿತು.

ನನಗೇಕೆ ಕಿರಿಕಿರಿಯಾಗಬೇಕು?

೨೨ ನವೆಂಬರ್, ಶನಿವಾರ

ಉಮಾ ಹೋಗುತ್ತೇನೆ ಎಂದಳು.

ನಾನು ಕುಕ್ಕರಿನ ಮುಚ್ಚಳ ನೆಲಕ್ಕೆ ಬಡಿದೆ. ‘ನಾಚಿಕಿ ಬರಂಗಿಲ್ಲ? ಇಬ್ಬರೂ ಕೂಡಿ ಬಂದವರು. ಹ್ವಾದ್ರ ಇಬ್ಬರೂ, ಇದ್ರ ಇಬ್ಬರೂ. ನೀ ಹ್ವಾದ್ರ ನಾ ಇಲ್ಲಿ ಏನಾಗ್ಲಿ?’

ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಿದಳು. ‘ನನಗ ನಿಮ್ಮಣ್ಣನ ಜೋಡಿ ಬಾಳ್ವೆ ಮಾಡಬೇಕನ್ನಿಸೇತ್ರಿ. ಅಂವ ನನ್ನ ಬಡದಿಲ್ಲ. ಪರೀಕ್ಷಿ ಬರೀತೇನಿ ಅಂದೆ, ಹೂಂ ಅಂದ. ಅವ್ವನ ಮುಂದ ನಿಂತ ಹೇಳತೇನಿ ಅಂದ, ಹೇಳ್ಯಾನ. ನಿಮಗ ಹೋಗಬೇಕನ್ನಸ್ತೈತೇನು?’

‘ಇಲ್ಲ.’

‘ಮತ್ತ ಹೋಗಬ್ಯಾಡ್ರಿ. ನಾ ಹೋಗಾಕತ್ತೇನಿ ಅಂತ ನೀವ್ಯಾಕ ಹೋಗಬೇಕು? ನೀವು ಹೋಗಂಗಿಲ್ಲಂತ ನಾ ಯಾಕ ಉಳೀಬೇಕು? ನೀವೂ ನಮ್ಮವ್ವನಂಗ ಮಾತಾಡಾಕತ್ತೀರಲ್ಲ ವೈನಿ.’

ಇದಕ್ಕಿಂತ ಎರಡು ಬಾರಿಸಿದ್ದರೆ ಚೆನ್ನಾಗಿತ್ತು. ಸ್ನೇಹಲ್ ಮೂಲೆಯಲ್ಲಿ ಉಗುರು ಕತ್ತರಿಸುತ್ತಾ, ‘ಹುಡುಗಿ ಚಲೋ ಹೇಳಿದ್ಲು’ ಎಂದಳು. ನಾನು ಸಿಟ್ಟಿನಿಂದಲೇ ಉಮಾಳ ಚೀಲಕ್ಕೆ ಬಟ್ಟೆ ತುಂಬಿದೆ. ಸಿಟ್ಟಿನಿಂದಲೇ ಬಸ್ ನಿಲ್ದಾಣಕ್ಕೆ ಬಿಡಲು ಹೋದೆ. ಅಲ್ಲಿ ಅವಳನ್ನು ಅಪ್ಪಿಕೊಂಡು ಅತ್ತುಬಿಟ್ಟೆ.

೨೪ ನವೆಂಬರ್, ಸೋಮವಾರ

ಊಹಿಸಿದ್ದೇ ಆಯಿತು. ಯುವರಾಜ ದವಾಖಾನೆಗೆ ಬಂದ. ಇಷ್ಟು ದಿನದಲ್ಲಿ ಮೊದಲ ಸಲ.

‘ಉಮಾ ಹ್ವಾದ್ಲು. ನಡಿ’ ಎಂದ.

‘ಉಮಾ ಹೋಗದಿದ್ರ ನೀವು ಬರ್ತಿದ್ರಿ?’

ಯೋಚಿಸಿದ. ಸುಳ್ಳು ಹೇಳಲು ಬರುವುದಿಲ್ಲ ಅವನಿಗೆ, ಅದೊಂದು ಗುಣ. ‘ಹೆಂಗ ಬರಾಕಾಗತೈತಿ? ಅಕಿ ಹೋಗಿಲ್ಲ ಅಂದ್ಮ್ಯಾಲ.’

‘ಅವತ್ತ ನನ್ನ ಬಡದ್ರಲ್ಲ. ನಮ್ಮಣ್ಣ ಉಮಾನ್ನ ಬಡದಿದ್ದಿಲ್ಲ, ಗೊತ್ತೈತಿ?’

‘ಆಮ್ಯಾಲ ಗೊತ್ತಾತು.’

‘ಗೊತ್ತಾದ ಮ್ಯಾಲ ಏನ ಮಾಡಿದ್ರಿ?’

ಅವನು ನನ್ನ ಮುಖ ನೋಡಿದ. ಏನು ಮಾಡಬೇಕಿತ್ತು ಎಂಬುದು ನಿಜವಾಗಿಯೂ ಅವನಿಗೆ ತಿಳಿದಿರಲಿಲ್ಲ. ಕ್ಷಣ ಕರುಣೆ ಬಂತು. ಕರುಣೆಗಾಗಿ ಬಾಳ್ವೆ ಮಾಡಲು ಆಗುವುದಿಲ್ಲ.

‘ನಾ ಬರಂಗಿಲ್ರಿ’ ಎಂದೆ. ಜೋರಾಗಿಯೇ ಎಂದೆನೇನೋ, ಔಷಧಿ ಅಂಗಡಿಯವನು ತಿರುಗಿ ನೋಡಿದ.

‘ನೀ ಬರದಿದ್ರ ಉಮಾನ್ನ ವಾಪಸ್ ಕರಸ್ತೇವಿ.’

‘ಅಕಿನ್ನ ಕೇಳಿ ಕರಸ್ರಿ.’

೩ ಡಿಸೆಂಬರ್, ಬುಧವಾರ

ಇವತ್ತು ಅತ್ತೆ ಬಂದರು. ಡ್ಯೂಟಿ ಮುಗಿಯುವ ಹೊತ್ತಿಗೆ ನೋಡುತ್ತೇನೆ, ಹೊರಗಿನ ಬೆಂಚಿನ ಮೇಲೆ ರೋಗಿಗಳ ಸಾಲಿನಲ್ಲಿ ಸರದಿ ಇನ್ನೂ ಬಾರದವರ ಹಾಗೆ ಕುಳಿತಿದ್ದಾರೆ. ಸಂಪಗಾಂವದಿಂದ ನೇರ ಬಂದದ್ದು. ಉಮಾಳನ್ನು ಕರೆದುಕೊಂಡು ಬರುತ್ತೇನೆಂದು ಹೋಗಿದ್ದರಂತೆ.

‘ಖೋಲಿ ಚಿಲಕಾ ಹಾಕ್ಕೊಂಡು ಓದಾಕತ್ತಾಳ. ನಾಡಿದ್ದ ಪರೀಕ್ಷಿ ಐತಿ, ಆಮ್ಯಾಲ ಬಂದು ಜಗಳಾ ಮಾಡು ಅಂತಾಳ ನನಗ. ನಿಮ್ಮಣ್ಣನಾದ್ರೂ ಅಕಿನ್ನ ಹೊರಗ ಹಾಕ್ತಾನೇನೋ ಅಂತ ನೋಡಿದೆ. ಅಂವ ನನಗ ಚಾ ಮಾಡಿಕೊಟ್ಟ.’

ನಗು ಬಂತು. ಅವರು ನಗಲಿಲ್ಲ.

‘ಅಕಿ ಅಲ್ಲಿಂದ ಬರಂಗಿಲ್ಲಂತ. ನೀ ಇಲ್ಲಿಂದ ಬರಂಗಿಲ್ಲಂತ. ಅವರ ಮನಿ ತುಂಬೇತಿ, ನಮ್ಮನಿ ಖಾಲಿ. ಇದು ಹೆಂಗ ಸರಿ ಆಕ್ಕೈತಿ?’

‘ಸರಿ ಆಗೂದು ಬ್ಯಾಡ್ರಿ ಅತ್ತಿ. ಸರಿ ಮಾಡಾಕ ಹೋಗೇ ನಾ ಬಡಿಸಿಕೊಂಡೆ.’

ಅವರು ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. ಈ ಹೆಂಗಸಿನ ಮೇಲೆ ನನಗೆ ಎಷ್ಟು ಸಿಟ್ಟಿದೆಯೋ ಅಷ್ಟೇ ಸಂಕಟವೂ ಇದೆ. ಎರಡು ಮಕ್ಕಳನ್ನು ಬೇಡ ಎಂದಾಗ ಅವರ ಪರವಾಗಿ ಒಬ್ಬರಾದರೂ ಒಲ್ಲೆ ಅಂದಿದ್ದರೇ?

‘ಹಂಗಾರ ಯುವರಾಜಗ ಏನಂತ ಹೇಳ್ಲಿ?’

‘ಅವರಿಗೆ ಬಾಯಿ ಐತಲ್ರಿ, ಬರಲಿ. ಉಮಾನ ಹೆಸರ ತಗೀಲಾರದ, ನಮ್ಮಣ್ಣನ ಹೆಸರ ತಗೀಲಾರದ, ನಾಗರತ್ನಾ, ನನ್ನ ಜೋಡಿ ಇರ್ತೀಯೇನು ಅಂತ ಕೇಳಲಿ. ಇನ್ನೂ ಯಾರೂ ನನ್ನ ಅದನ್ನ ಕೇಳಿಲ್ಲ.’

‘ಕೇಳಿದ್ರ ಬರ್ತಿ?’

‘ಒಲ್ಲೆ ಅಂತೇನಿ ಅನ್ನಸ್ತೈತ್ರಿ. ಆದ್ರ ಅದನ್ನೂ ಅವರು ನಿಂತ ಕೇಳಬೇಕು.’

‘ಒಲ್ಲೆ ಅಂದ್ರ ಮುಂದ?’

‘ಮುಂದ ಏನಿಲ್ರಿ. ಒಲ್ಲೆ ಅಂದ್ರ ಒಲ್ಲೆ. ಅದಕ್ಕ ಅಲ್ಲಿ ಉಮಾನ್ನ ಯಾರೂ ಹೊರಗ ಹಾಕಂಗಿಲ್ಲ. ಚಿಲಕಾ ಅಕಿ ಕೈಯಾಗ ಐತಿ.’

ಅತ್ತೆಯ ಕಣ್ಣು ಗೋಡೆಯ ಮೇಲಿನ ಬರಹಕ್ಕೆ ಹೋಯಿತು. ಅವರಿಗೆ ಓದಲು ಬರುವುದಿಲ್ಲ. ಏನು ಬರೆದಿದೆ ಎಂದು ಕೇಳಿದರು. ಹೆಣ್ಣೋ ಗಂಡೋ ಎಂದು ಇಲ್ಲಿ ನೋಡಿ ಹೇಳುವುದಿಲ್ಲ ಅಂತ ಬರೆದಿದೆ ಎಂದೆ. ‘ಹೂಂ’ ಎಂದು ಎದ್ದರು. ಸಂಗೊಳ್ಳಿ ಬಸ್ಸಿಗೆ ತಡವಾಗುತ್ತದೆ ಎಂದರು. ಗೇಟಿನ ತನಕ ಹೋದವರು ತಿರುಗಿ ಬಂದು ನನ್ನ ಫೋನನ್ನು ಸೆರಗಿನ ಗಂಟಿನಿಂದ ಬಿಚ್ಚಿ ನನ್ನ ಕೈಗಿಟ್ಟರು.

‘ಇದನ್ನ ಯಾಕ ಕೊಟ್ಟಿ ಅಂತ ಮನ್ಯಾಗ ಕೇಳ್ತಾರ’ ಎಂದರು. ‘ಅಲ್ಲಿ ಉಮಾಂದು ಕೊಟ್ರು, ಅದಕ್ಕ ನಾನೂ ಕೊಟ್ಟೆ ಅಂತ ಹೇಳ್ಲೇನು?’

‘ಬ್ಯಾಡ್ರಿ’ ಎಂದೆ. ‘ನನಗ ಕೊಡಬೇಕನ್ನಿಸ್ತು, ಕೊಟ್ಟೆ ಅನ್ರಿ.’

ಅವರು ಆ ಮಾತನ್ನು ಬಾಯೊಳಗೇ ಒಮ್ಮೆ ಅಂದು ನೋಡಿಕೊಂಡರು. ಆಮೇಲೆ ನಿಲ್ದಾಣದ ಕಡೆ ಹೊರಟರು.